ಹೋರಿಯ ಬಾಯಿ ಮೂಸುವವರು

ರಾಣೇಬೆನ್ನೂರಿನಲ್ಲಿ ನನ್ನ ಮಗಳಿಗೆ ಓಟ ಕಲಿಸಿದ ತರಬೇತುದಾರರು ಹೋರಿ ಬೆದರಿಸುವ ಸ್ಪರ್ಧೆಗೂ ಹಿರಿಯರು. ಅಖಾಡಕ್ಕೆ ಬಿಡುವ ಮೊದಲು ಒಂದೊಂದು ಹೋರಿಯ ಮೂಗುದಾರ ಹಿಡಿದು ಬಾಯಿ ಮೂಸುತ್ತಿದ್ದರು. ಹುರುಪಿಗೆಂದು ಮಾಲೀಕರು ಕುಡಿಸಿದ ಸಾರಾಯಿಯ ವಾಸನೆ ಬಂದರೆ ಕೊಬ್ಬರಿ ಹಾರ ಬಿಚ್ಚಿಸಿ ಮನೆಗೆ ಕಳಿಸಿಬಿಡುವರು. ಬ್ಯಾಡಗಿಯ ಸಾಹುಕಾರರ ಹೋರಿಯನ್ನೂ ಬಿಟ್ಟವರಲ್ಲ.

"ಮೂಕ ಪ್ರಾಣಿರಿ ಅದು. ಬ್ಯಾಡ ಅನ್ನಾಕ ಬಾಯಿಲ್ಲ," ಎನ್ನುವುದು ಅವರ ಮಾತು.

ಯಾವ ಔಷಧ ಓಟಗಾರರಿಗೆ ನಿಷಿದ್ಧ ಎಂದು ಅವರ ಬಳಿ ಓಟ ಕಲಿಯುವ ಹುಡುಗಿಯರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದೊಡ್ಡ ಕ್ರೀಡಾಕೂಟದ ಮುಂಚೆ "ಶಕ್ತಿ ಬರ್ತೈತಿ" ಎಂದು ನನ್ನ ಮಗಳಿಗೆ ಅವರೇ ಸೂಜಿ ಚುಚ್ಚಿದರು. ಮೂತ್ರ ಪರೀಕ್ಷೆಯಲ್ಲಿ ನಿಷಿದ್ಧ ಔಷಧ ಸಿಕ್ಕಿತು. ಅವಳು ಓಡದಂತೆ ನಿಷೇಧವಾಯಿತು. ಪೇಪರಿನಲ್ಲಿ ಅವಳ ಫೋಟೊ ಬಂತು, ಅವರ ಹೆಸರು ಬರಲಿಲ್ಲ.

ಕೇಳಲು ಹೋದೆ. ಕೂಡಿಸಿ ಚಹಾ ತರಿಸಿದರು.

"ಆಕಿ ಏನ್ ಮೂಕ ಪ್ರಾಣಿ ಏನ್ರಿ? ಬ್ಯಾಡ ಅನ್ನಬೇಕಿತ್ತು."

ಎದುರು ಮಾತಾಡಿದವರನ್ನು ಅವರು ಮೈದಾನದೊಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ.

ಈ ದೀಪಾವಳಿಗೂ ಬಾಯಿ ಮೂಸಿದವರು ಅವರೇ. ಸಾರಾಯಿ ಕುಡಿದ ಹೋರಿಯೊಂದನ್ನು ಹಿಡಿದು, ಅದರ ಮಾಲೀಕನನ್ನು ಜನರೆದುರು ಹಿಗ್ಗಾಮುಗ್ಗಾ ಬೈದರು. ಜನ ಚಪ್ಪಾಳೆ ತಟ್ಟಿದರು. ಮಾಳಿಗೆಯಿಂದ ನೋಡುತ್ತಿದ್ದ ಮಗಳು ಮೆಲ್ಲಗೆ ಹೇಳಿದಳು:

"ಹೋರಿಗೆ ಯಾರೂ ಬೈಲಿಲ್ಲ ನೋಡಪಾ. ಕುಡಿಸಿದಾಂವಗ ಬೈದ್ರು."