ಬದನೆಕಾಯಿಯ ಮೇಲೆ ಹೊರಿಸಿದ ತಪ್ಪು

ನನ್ನ ಬಾಯಿ ಜೋರು ಎಂದು ಮೇಲೂರಿನಲ್ಲಿ ಎಲ್ಲರಿಗೂ ಗೊತ್ತು. ಮಾತನಾಡಲೇಬೇಕಾದ ದಿನ ಅದೇ ಬಾಯಿ ಮುಚ್ಚಿಕೊಂಡಿತ್ತು ಎಂಬುದು ನನ್ನನ್ನೂ ನನ್ನ ಮಗಳನ್ನೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಮಗಳಿಗೆ ಚಿಕ್ಕಂದಿನಿಂದ ಸಿಕಲ್ ಸೆಲ್. ಕೆಂಪು ರಕ್ತಕಣಗಳು ಕುಡುಗೋಲಿನ ಹಾಗೆ ಬಾಗುವ ಕಾಯಿಲೆ. ಕೆರಳಿದರೆ ಮೂಳೆಯೊಳಗೇ ನೋವು. ಬೆಂಗಳೂರಿನ ರಕ್ತದ ಡಾಕ್ಟರು ದಿನಕ್ಕೊಂದು ಕ್ಯಾಪ್ಸೂಲ್ ಕೊಟ್ಟ ಮೇಲೆ ಅದು ಹತೋಟಿಗೆ ಬಂತು. ಹೆಣ್ಣು ನೋಡಲು ಬರುವವರ ಕಣ್ಣಿಗೆ ಬೀಳದಿರಲಿ ಎಂದು ಆ ಕ್ಯಾಪ್ಸೂಲುಗಳನ್ನು ಹಳೆಯ ವಿಟಮಿನ್ ಡಬ್ಬಿಗೆ ಸುರಿದಿಟ್ಟಿದ್ದೆ. ಯಾರಾದರೂ ಕೇಳಿದರೆ ಶಕ್ತಿ ಮಾತ್ರೆ ಎನ್ನುತ್ತಿದ್ದೆ.

ಹೋದ ವರ್ಷ ನಮ್ಮ ಹಿತ್ತಿಲಿನ ಶೆಡ್ಡಿನಲ್ಲಿ ರೇಷ್ಮೆಗೂಡು ಬೇಯಿಸುವ ಕುದಿನೀರು ಅವಳ ಪಾದದ ಮೇಲೆ ಚೆಲ್ಲಿತು. ಶಿಡ್ಲಘಟ್ಟದ ಕ್ಲಿನಿಕ್ಕಿಗೆ ಓಡಿದೆವು.

"ಶುಗರ್ ಇದೆಯಾ? ಬೇರೆ ಮಾತ್ರೆ ಏನಾದ್ರೂ ತಗೊಳ್ತಾಳಾ?" ಎಂದು ಡಾಕ್ಟರು ಕೇಳಿದರು.

ಪಕ್ಕದಲ್ಲಿ ಬ್ಯಾಂಡೇಜು ಕತ್ತರಿಸುತ್ತಿದ್ದ ನರ್ಸಮ್ಮ ನಮ್ಮ ಬೀದಿಯವಳು. ಚಿಂತಾಮಣಿಯ ಕಡೆಯ ಒಂದು ಸಂಬಂಧ ತಂದವಳೂ ಅವಳೇ.

"ಏನೂ ಇಲ್ಲ ಸಾರ್," ಎಂದೆ. ಮಗಳು ನನ್ನ ಮುಖ ನೋಡಿ ಸುಮ್ಮನಾದಳು.

ಎರಡು ಮೂರು ವಾರದಲ್ಲಿ ಆರಬೇಕಿದ್ದ ಗಾಯ ಎರಡು ತಿಂಗಳಾದರೂ ಹಸಿಯಾಗಿಯೇ ಇತ್ತು. ನಮ್ಮ ಕಡೆ ಗಾಯವಾದವರಿಗೆ ಬದನೆಕಾಯಿ ನಂಜು. ತಿಂದರೆ ಕೀವಾಗುತ್ತದೆ ಎನ್ನುತ್ತಾರೆ. ಇವಳಿಗೋ ಬದನೆಕಾಯಿ ಎಂದರೆ ಪ್ರಾಣ. ನನಗೆ ಅಷ್ಟು ಸಾಕಾಯಿತು.

"ಕದ್ದು ತಿಂದಿದೀಯ ಕಣೇ. ಇಲ್ದಿದ್ರೆ ಯಾಕೆ ಆರಲ್ಲ?" ಎಂದು ನೋಡಲು ಬಂದ ನೆಂಟರ ಎದುರೇ ಬೈದೆ.

"ಇಲ್ಲಮ್ಮ, ನಿನ್ನಾಣೆ ತಿಂದಿಲ್ಲ," ಎಂದು ಅತ್ತಳು. ನಾನು ನಂಬಲಿಲ್ಲ. ದಿನಾ ಬೆಳಿಗ್ಗೆ ಡಬ್ಬಿಯಿಂದ ಕ್ಯಾಪ್ಸೂಲು ತೆಗೆದು ಅವಳ ಅಂಗೈಗೆ ಹಾಕುತ್ತಿದ್ದವಳು ನಾನೇ.

ಮೈಯ ಬೇರೆ ಕಡೆಯ ಚರ್ಮ ತೆಗೆದು ಗಾಯದ ಮೇಲೆ ಕೂರಿಸಬೇಕಾಗಬಹುದು ಎಂದು ಕ್ಲಿನಿಕ್ಕಿನಲ್ಲಿ ಹೇಳಿದರು. ಮಾರನೆಯ ದಿನವೇ ಬೆಂಗಳೂರಿಗೆ ಕರೆದುಕೊಂಡು ಹೋದೆ. ರಕ್ತದ ಡಾಕ್ಟರು ಪಾದ ನೋಡಿದವರೇ, "ಈ ಮಾತ್ರೆ ವಿಷಯ ಅಲ್ಲಿ ಹೇಳಿದ್ರಾ?" ಎಂದರು.

ನಾನು ಮಗಳ ಕಡೆ ನೋಡಿದೆ.

"ನಾನೇ ಹೇಳೋದು ಮರೆತೆ ಸಾರ್," ಎಂದಳು ಮಗಳು.

"ಓದಿರೋ ಹುಡುಗಿ, ಅಷ್ಟೂ ಗೊತ್ತಾಗಲ್ವಾ?" ಎಂದು ಅವರು ಅವಳನ್ನೇ ಗದರಿದರು. ಹೊಸ ಚರ್ಮ ಬೆಳೆಯುವುದನ್ನು ಕೆಲವರಲ್ಲಿ ಈ ಔಷಧ ನಿಧಾನ ಮಾಡುತ್ತದಂತೆ, ಅದರಲ್ಲೂ ಕಾಲಿನ ಗಾಯದಲ್ಲಿ. ಕಾಯಿಲೆಯೂ ಸೇರಿರಬಹುದಂತೆ. ನಾವಾಗಿಯೇ ನಿಲ್ಲಿಸುವ ಹಾಗಿಲ್ಲ ಎಂದು ಎಚ್ಚರಿಸಿ, ಕ್ಲಿನಿಕ್ಕಿಗೆ ತಾವೇ ಫೋನು ಮಾಡಿ ಮಾತನಾಡಿ, ಸ್ವಲ್ಪ ದಿನದ ಮಟ್ಟಿಗೆ ಮಾತ್ರೆ ತಡೆದರು. ಅಷ್ಟು ಹೊತ್ತೂ ನಾನು ತಲೆ ತಗ್ಗಿಸಿ ಕೂತಿದ್ದೆ. ತಪ್ಪು ನಂದು ಸಾರ್ ಎನ್ನಲು ಆಗಲೂ ಬಾಯಿ ಬರಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು ಎನಿಸಿತು.

ಗಾಯ ನಿಧಾನವಾಗಿ ಅಂಚಿನಿಂದ ಕೂಡಿಕೊಳ್ಳತೊಡಗಿತು. ಒಂದು ಮಧ್ಯಾಹ್ನ ಬದನೆಕಾಯಿ ಎಣ್ಣೆಗಾಯಿ ಮಾಡಿ, ಬಡಿಸಲು ಅವಳ ತಟ್ಟೆಯ ಹತ್ತಿರ ಹೋದೆ. ಅವಳು ತಟ್ಟೆಗೆ ಕೈ ಅಡ್ಡ ಹಿಡಿದಳು.

"ಬೇಡಮ್ಮ," ಎಂದಳು. "ಆರ್ಲಿಲ್ಲ ಅಂದ್ರೆ ಮತ್ತೆ ಬೈತೀಯ."