ಸುಲಿದ ಮುಖ ಹೊತ್ತು ಬೀಗರ ಮನೆಗೆ

ನನ್ನ ಎರಡೂ ಕೆನ್ನೆಗಳ ಮೇಲೆ ಬಂಗು ಇದೆ. ಮಗಳು ಹುಟ್ಟಿದ ವರ್ಷ ಬಂದದ್ದು, ಅವಳ ಜೊತೆಗೇ ಬೆಳೆಯಿತು. ನನಗೆ ಅದೊಂದು ತಾಪತ್ರಯ ಎಂದು ಯಾವತ್ತೂ ಅನಿಸಿರಲಿಲ್ಲ. ಪೀಣ್ಯದ ಪ್ಲೇಟಿಂಗ್ ಶಾಪಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕ್ವಾಲಿಟಿ ನೋಡುತ್ತಿರುವವಳು ನಾನು. ಅಲ್ಲಿ ನನ್ನ ಮುಖ ನೋಡುವವರು ಯಾರು? ತುಕ್ಕು ಹಿಡಿದ ಕಬ್ಬಿಣದ ಪೀಸುಗಳನ್ನು ಆಸಿಡ್ ತೊಟ್ಟಿಯಲ್ಲಿ ಅದ್ದಿ, ತೊಳೆದು, ಮೇಲೆ ನಿಕ್ಕಲ್ ಕೂರಿಸುತ್ತಾರೆ. ಕೂತದ್ದು ಗಟ್ಟಿಯಾಗಿದೆಯೋ ಇಲ್ಲವೋ ಎಂದು ಟೇಪ್ ಅಂಟಿಸಿ, ಪರ್ ಎಂದು ಕಿತ್ತು ನೋಡುವುದು ನನ್ನ ಕೆಲಸ. ಸಿಪ್ಪೆ ಎದ್ದರೆ ರಿಜೆಕ್ಟ್. ಅದರಲ್ಲಿ ನಾನು ಯಾರ ಮಾತನ್ನೂ ಕೇಳುವವಳಲ್ಲ, ಮಾಲೀಕರ ಮಾತನ್ನೂ ಸೇರಿಸಿ.

ಮಗಳು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುತ್ತಾಳೆ. ಅದೇ ಆಫೀಸಿನ ಹುಡುಗನನ್ನು ಮೆಚ್ಚಿಕೊಂಡಳು. ಹುಡುಗನ ಮನೆಯವರು ಚಂದಾಪುರದಿಂದ ಆಚೆಗಿನ ಹಳ್ಳಿಯವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲು ಬಾಡಿಗೆ ಮನೆಗಳನ್ನು ಕಟ್ಟಿಸಿದ್ದಾರೆ. ನಾವು ದಾವಣಗೆರೆ ಕಡೆಯಿಂದ ಬಂದವರು. ಪದ್ಧತಿ ಬೇರೆ, ಮಾತು ಬೇರೆ. ಆದರೂ ಎರಡೂ ಕಡೆಯವರು ಒಪ್ಪಿದೆವು, ಆ ಹಳ್ಳಿಯ ಅವರ ಮನೆಯಲ್ಲೇ ನಿಶ್ಚಿತಾರ್ಥ ಎಂದಾಯಿತು.

ಆ ದಿನಗಳಲ್ಲಿ ನನ್ನ ಗಂಡ ಮೊಬೈಲ್ ಹಿಡಿದು ಬಂದು, "ಇದ್ರಲ್ಲಿ ನೀನು ಬಹಳ ಚೆನ್ನಾಗಿ ಬಂದೀಯ ನೋಡು" ಅಂದರು. ಮಗಳು ಬೀಗರ ಮನೆಗೆ ಕಳಿಸಿದ್ದ ನಮ್ಮ ಮೂವರ ಫೋಟೋ. ನೋಡಿದೆ. ನನ್ನ ಬಂಗು ಇರಲಿಲ್ಲ. ಕೆನ್ನೆ ಹೊಸ ಸ್ಟೀಲ್ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಗಂಡನ ಮೂಗಿನ ಮೇಲಿನ ನರಹುಲಿ ಇದ್ದಲ್ಲೇ ಇತ್ತು, ಒರೆಸಿದ್ದು ನನ್ನದನ್ನು ಮಾತ್ರ. ಸಿಟ್ಟು ಬಂದಿದ್ದರೆ ಬಾಯಿ ಬಿಟ್ಟೇ ಬಿಡುತ್ತಿದ್ದೆ. ಬಂದದ್ದು ಸಿಟ್ಟಲ್ಲ, ಸಂಕಟ. ಹೆತ್ತ ಮಗಳಿಗೆ ನನ್ನ ಮುಖ ತೋರಿಸಲು ನಾಚಿಕೆ. ಅದನ್ನು ಯಾರ ಹತ್ತಿರ ಹೇಳುವುದು?

ಮರುವಾರ ಮಗಳೇ ಮಾತು ತೆಗೆದಳು. "ಅಮ್ಮ, ಬ್ರೂಕ್‌ಫೀಲ್ಡಲ್ಲಿ ಒಂದು ಸ್ಕಿನ್ ಕ್ಲಿನಿಕ್ ಇದೆ. ಪೀಲ್ ಮಾಡ್ತಾರೆ. ನಿಂಗೆ ನನ್ನ ಕಡೆಯಿಂದ ಗಿಫ್ಟ್."

"ಏನು ಸುಲೀತಾರೆ?"

"ಮೇಲಿನ ಒಂದೇ ಒಂದು ಪದರ. ಒಳಗಿಂದ ಫ್ರೆಶ್ ಸ್ಕಿನ್ ಬರುತ್ತೆ. ನಂಗೋಸ್ಕರ ಅಲ್ಲ, ನಿಂಗೋಸ್ಕರ."

ನನಗೋಸ್ಕರ ಅಂತೆ! ಆದರೂ ಹೂಂ ಅಂದೆ. ಆ ಫೋಟೋದ ಹೆಂಗಸಿನ ಹಾಗೆ ಬೀಗರ ಮುಂದೆ ನಿಂತುಬಿಟ್ಟರೆ ಮಗಳ ತಲೆ ತಗ್ಗುವುದಿಲ್ಲ. ನನಗೆ ಬೇಕಾದದ್ದು ಅಷ್ಟೇ.

ತಿಂಗಳ ಮುಂಚೆಯೇ ಮಾಡಿಸಬೇಕಿತ್ತು. ಶಾಪಿನಲ್ಲಿ ದೊಡ್ಡ ಕಸ್ಟಮರ್ ಒಬ್ಬರ ಆಡಿಟ್ ಬಂದು, ನಾನು ಮೆಟ್ರೋ ಹತ್ತಿ ಕ್ಲಿನಿಕ್ ಸೇರುವಷ್ಟರಲ್ಲಿ ನಿಶ್ಚಿತಾರ್ಥಕ್ಕೆ ಒಂಬತ್ತೇ ದಿನ ಉಳಿದಿತ್ತು. ಡಾಕ್ಟರಮ್ಮ ಮಗಳ ವಯಸ್ಸಿನವಳು. ಹಗುರವಾದ ಪೀಲ್, ಐದಾರು ದಿನದಲ್ಲಿ ಎಲ್ಲ ಸರಿಹೋಗುತ್ತದೆ ಎಂದಳು. ಹಚ್ಚುವುದು ಗ್ಲೈಕಾಲಿಕ್ ಆಸಿಡ್ ಎಂದ ಕೂಡಲೇ ನನಗೆ ಧೈರ್ಯ ಬಂತು. ಆಸಿಡ್ ತಾನೇ, ನಮಗೆ ಮನೆಮಂದಿ ಇದ್ದ ಹಾಗೆ.

"ಎಷ್ಟು ಪರ್ಸೆಂಟ್? ತೊಳೆದ ಮೇಲೆ ನ್ಯೂಟ್ರಲೈಸ್ ಯಾತರಲ್ಲಿ ಮಾಡ್ತೀರಿ?" ಎಂದು ಕೇಳಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, "ಮೇಡಂ, ನೀವೂ ಈ ಫೀಲ್ಡಾ?" ಎಂದಳು. "ಹೌದು, ಆದ್ರೆ ನಮ್ಮಲ್ಲಿ ಪೀಸು ಮಾತಾಡಲ್ಲ" ಎಂದೆ.

ಆ ಜಂಬವೇ ನನ್ನನ್ನು ಕೆಡಿಸಿತು. ಹುಡುಗಿಯೊಬ್ಬಳು ಕುಂಚದಲ್ಲಿ ಮುಖಕ್ಕೆ ಆಸಿಡ್ ಬಳಿದು, ಟೈಮರ್ ಒತ್ತಿ, ಸಣ್ಣ ಫ್ಯಾನ್ ಹಿಡಿದು ನಿಂತಳು. "ಮೇಡಂ, ಉರಿ ಹೇಗಿದೆ? ಒಂದರಿಂದ ಹತ್ತರಲ್ಲಿ ಎಷ್ಟು ಅಂತ ಹೇಳ್ತಾ ಇರಿ."

ನಾನು ಯೋಚಿಸಿದೆ. ಹತ್ತು ಅಂದರೆ ಯಾವುದು? ನನಗೆ ಗೊತ್ತಿರುವ ಹತ್ತು ಅಂದರೆ, ಒಂದು ಸಲ ಶಾಪಿನಲ್ಲಿ ಕ್ಯಾನ್ ಜಾರಿ ಮೊಣಕೈವರೆಗೂ ಚೆಲ್ಲಿಕೊಂಡದ್ದು. ಅದರ ಮುಂದೆ ಇದು ಯಾವ ಮೂಲೆಗೆ? ಅಲ್ಲದೆ ನಮ್ಮಲ್ಲಿ ಆಸಿಡ್ ಉರಿಯುತ್ತದೆ ಎಂದು ಬಾಯಿಬಿಡುವವರು ಹೊಸಬರು ಮಾತ್ರ. ಹಳಬರು ನೀರಿಗೆ ಕೈ ಹಿಡಿದು ಸುಮ್ಮನೆ ನಿಲ್ಲುತ್ತಾರೆ. "ಒಂದು" ಎಂದೆ.

"ಈಗ?"

ಈಗ ಕೆನ್ನೆಯ ಮೇಲೆ ಯಾರೋ ಮೆಣಸಿನಕಾಯಿ ಅರೆಯುತ್ತಿದ್ದರು. "ಒಂದೂವರೆ."

ಹುಡುಗಿ ಡಾಕ್ಟರಮ್ಮನನ್ನು ಕರೆದಳು. ಡಾಕ್ಟರಮ್ಮ ಬಗ್ಗಿ ನೋಡಿ, "ನಿಮ್ಮ ಸ್ಕಿನ್ ತುಂಬಾ ಸ್ಟ್ರಾಂಗ್ ಮೇಡಂ, ಇನ್ನೊಂದು ನಿಮಿಷ ಬಿಡೋಣ" ಎಂದಳು. ಜನ್ಮದಲ್ಲಿ ನನ್ನ ಚರ್ಮವನ್ನು ಯಾರೂ ಹೊಗಳಿರಲಿಲ್ಲ. ಕಾಲಿನ ಬೆರಳುಗಳನ್ನು ಒಂದರ ಮೇಲೊಂದು ಹಾಕಿ ಹಿಂಡುತ್ತಾ, ಎರಡು ಕೂಡ ಆಗಿಲ್ಲ ಎಂದು ಸಾಧಿಸಿದೆ.

ಮೂರನೆಯ ದಿನ ಮುಖ ಬಿಗಿದು ಕಂದಿತು. ನಾಲ್ಕನೆಯ ದಿನ ಬಾಯಿಯ ಪಕ್ಕದಲ್ಲಿ ಬಿರುಕು ಬಿಟ್ಟು, ಅಲ್ಲಿಂದ ಕೆನ್ನೆಯ ಕಡೆಗೆ ಸಿಪ್ಪೆ ಏಳತೊಡಗಿತು. ಒಳಗಿನದು ಗುಲಾಬಿ, ಮೇಲಿನದು ಕಾಫಿ ಬಣ್ಣ. ಕಿತ್ತರೆ ಕಲೆ ಉಳಿಯುತ್ತದೆ, ಮುಟ್ಟಲೇಬಾರದು ಎಂದು ಕ್ಲಿನಿಕ್ಕಿನವರ ಅಪ್ಪಣೆ. ಇಪ್ಪತ್ತೆರಡು ವರ್ಷ ಸಿಪ್ಪೆ ಕಂಡಲ್ಲಿ ಕಿತ್ತು ನೋಡಿದ ಕೈಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಶಾಪಿನಲ್ಲಿ ತೊಟ್ಟಿ ನೋಡಿಕೊಳ್ಳುವ ಹಿರಿಯರು ನನ್ನನ್ನು ದೂರದಿಂದ ಒಂದು ಸುತ್ತು ಹಾಕಿ ನೋಡಿ, "ಮೇಡಂ, ಈ ಪೀಸು ರಿವರ್ಕಿಗಾ, ಗುಜರಿಗಾ?" ಎಂದು ಕೇಳಿದರು. ಬೇರೆ ದಿನವಾಗಿದ್ದರೆ ಅವರ ಜನ್ಮ ಜಾಲಾಡುತ್ತಿದ್ದೆ. ಅವತ್ತು ನಗಲೂ ಆಗಲಿಲ್ಲ, ನಕ್ಕರೆ ಚರ್ಮ ಹರಿಯುತ್ತಿತ್ತು.

ಇಷ್ಟೆಲ್ಲ ಆಗಿಯೂ ಬಂಗು ಮಳೆಗಾಲ ಮುಗಿಯುವುದರೊಳಗೆ ತವರಿಗೆ ಬಂದ ಹಾಗೆ ವಾಪಸ್ ಬಂದು ಕೂತಿತು. ಅದು ಆಮೇಲಿನ ಮಾತು.

ನಿಶ್ಚಿತಾರ್ಥದ ದಿನ ಅರ್ಧ ಮುಖ ಹೊಸದು, ಅರ್ಧ ಹಳೆಯದು. ಪೌಡರ್ ಹಾಕಿದರೆ ಸಿಪ್ಪೆಗಳೆಲ್ಲ ಎದ್ದು ನಿಂತವು, ತೊಳೆದೆ. ಕಾರಿನಲ್ಲಿ ಮಗಳು ಕಿಟಕಿಯ ಕಡೆ ನೋಡುತ್ತಾ, "ಯಾರಾದ್ರೂ ಕೇಳಿದ್ರೆ ಧೂಳಿನ ಅಲರ್ಜಿ ಅನ್ನಮ್ಮ" ಎಂದಳು. ಆಗಲಿ ಎಂದೆ. ನನ್ನ ಗಂಡ, "ನಮ್ಮ ಕಡೆ ಧೂಳು ಜಾಸ್ತಿ ಅಂತ ನಾನೂ ಹೇಳ್ತೀನಿ" ಎಂದು ತಮ್ಮ ಕಾಣಿಕೆ ಸೇರಿಸಿದರು.

ಬೀಗರ ಮನೆಯ ಹಜಾರದ ತುಂಬ ಜನ. ತಾಂಬೂಲದ ತಟ್ಟೆ ಬದಲಾಯಿಸಿದ್ದಾಯಿತು. ಆಮೇಲೆ ಹೆಂಗಸರನ್ನೆಲ್ಲ ಸಾಲಾಗಿ ಕೂರಿಸಿದರು. ಹುಡುಗನ ತಾಯಿ, ನನ್ನ ಬೀಗಿತ್ತಿ, ನೀರಲ್ಲಿ ಕಲಸಿದ ಅರಿಶಿನದ ಬಟ್ಟಲು ಹಿಡಿದು ಆ ತುದಿಯಿಂದ ಹೊರಟರು. ಗಟ್ಟಿಮುಟ್ಟು ಹೆಂಗಸು, ಗಟ್ಟಿ ಕೈ. ಒಬ್ಬೊಬ್ಬರ ಎರಡೂ ಕೆನ್ನೆಗೆ ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದು, ಕುಂಕುಮ ಇಟ್ಟು, ಮುಂದಿನವರಿಗೆ ಸರಿಯುತ್ತಿದ್ದರು. ಹತ್ತು ದಿನ ಮುಖಕ್ಕೆ ಏನೂ ತಾಗಬಾರದು, ಅರಿಶಿನವಂತೂ ಬೇಡವೇ ಬೇಡ ಎಂದು ಡಾಕ್ಟರಮ್ಮ ಚೀಟಿಯಲ್ಲಿ ಅಡಿಗೆರೆ ಎಳೆದು ಬರೆದಿದ್ದಳು. ಇಷ್ಟೆಲ್ಲ ಸಿದ್ಧತೆಯಲ್ಲಿ ಈ ಶಾಸ್ತ್ರ ನನಗಾಗಲಿ ಮಗಳಿಗಾಗಲಿ ಹೊಳೆದೇ ಇರಲಿಲ್ಲ. ಹಾಳಾಗಿ ಹೋಗಲಿ, ಹಚ್ಚಿಸಿಕೊಳ್ಳೋಣ ಎಂದು ಹಲ್ಲು ಕಚ್ಚಿ ಕೂತೆ. ಆದರೆ ಆ ಕೈ ಹತ್ತಿರ ಬಂದಾಗ ನನ್ನ ಕೈ ತಾನಾಗಿಯೇ ಅಡ್ಡ ಹೋಯಿತು, ಕತ್ತು ಹಿಂದಕ್ಕೆ ಸರಿಯಿತು.

ಬೀಗಿತ್ತಿ ಹಚ್ಚುವ ಅರಿಶಿನಕ್ಕೆ ಕೆನ್ನೆ ತಪ್ಪಿಸುವುದು ಎಂದರೆ ಸಂಬಂಧ ಬೇಡ ಎಂದ ಹಾಗೆ. ಹಿಂದಿನಿಂದ ಯಾರೋ ಅಜ್ಜಿ, "ನಮ್ ಕೈ ಅರಿಶ್ನ ಆಗಾಕಿಲ್ವೇನೋ ಅವ್ರ್ಗೆ" ಎಂದರು. ಬೀಗಿತ್ತಿ ಬಟ್ಟಲು ಹಿಡಿದೇ ನನ್ನನ್ನು ನೋಡಿದರು. "ಯಾಕಕ್ಕ? ಮೊಖ ಯಾಕೆ ಇಂಗೆ ಎದ್ದೈತೆ?"

ಧೂಳಿನ ಅಲರ್ಜಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮಗಳು ಹುಡುಗನ ಪಕ್ಕದಿಂದ ಎದ್ದು ಬಂದಳು.

"ಹಚ್ಚಬೇಡಿ ಆಂಟಿ. ಅಮ್ಮನ ಮುಖಕ್ಕೆ ಆಸಿಡ್ ಹಾಕ್ಸಿದೀವಿ."

ಪಾಯಸ ಬಡಿಸಲು ಬಕೆಟ್ ಹಿಡಿದು ಹೊರಟಿದ್ದವರು ನಿಂತಲ್ಲೇ ನಿಂತರು. ನನ್ನ ಗಂಡ, "ಡಾಕ್ಟ್ರ ಹತ್ರ, ಡಾಕ್ಟ್ರ ಹತ್ರ" ಎಂದು ಗಾಬರಿಯಲ್ಲಿ ಎಲ್ಲರಿಗೂ ಸಮಾಧಾನ ಹೇಳತೊಡಗಿದರು. ಮಗಳು ನಿಲ್ಲಿಸಲಿಲ್ಲ. "ಬಂಗು ಹೋಗ್ಲಿ ಅಂತ ನಾನೇ ಕಳಿಸ್ದೆ. ನೀವೆಲ್ಲ ಏನಂದ್ಕೋತೀರೋ ಅಂತ ನಂಗೆ ನಾಚಿಕೆ ಆಗ್ತಿತ್ತು. ಅಮ್ಮಂಗೆ ಬೇಕಿರ್ಲಿಲ್ಲ."

ಗೊತ್ತಿದ್ದ ಮಾತೇ. ಆದರೂ ನಾಲ್ಕು ಜನರ ಮುಂದೆ ಕೇಳಿದಾಗ ಸೆರಗಿನ ತುದಿ ಹಿಡಿದು ಮಡಿಸತೊಡಗಿದೆ. ಅವಳ ಮುಖ ನನ್ನ ಮುಖಕ್ಕಿಂತ ಕೆಂಪಾಗಿತ್ತು.

ಬೀಗಿತ್ತಿ ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿದರು. "ಅಯ್ಯೋ ಮಂಕೇ, ಬಿಸ್ಲಲ್ಲಿ ದುಡಿಯೋ ಎಂಗಸ್ರಲ್ಲಿ ಯಾರಿಗಿಲ್ಲ ಬಂಗು? ನಂಗೆ ಬೆನ್ನೆಲ್ಲ ಐತೆ" ಎಂದರು. ಆಮೇಲೆ ಅರಿಶಿನದ ಬಟ್ಟಲನ್ನು ಮಗಳ ಕೈಗಿಟ್ಟರು. "ಅರಿಶ್ನ ಹಚ್ದೆ ಕಳ್ಸೋ ಅಂಗಿಲ್ಲ. ಕೆನ್ನೆ ಬ್ಯಾಡ, ಕಾಲ್ಗೆ ಹಚ್ಚು. ನೀನೇ ಹಚ್ಚು."

ಮಗಳು ರೇಷ್ಮೆ ಸೀರೆಯಲ್ಲೇ ನೆಲದ ಮೇಲೆ ಕೂತಳು. ಅವಳಿಗೆ ಹಚ್ಚಿ ಗೊತ್ತಿಲ್ಲ. ಒಂದು ಎಳೆ ಸಾಕು ಎನ್ನುವಲ್ಲಿ ಅಂಗೈ ತುಂಬ ತೆಗೆದುಕೊಂಡು, ಉಗುರು, ಬೆರಳಿನ ಸಂದಿ, ಹಿಮ್ಮಡಿಯ ಒಡಕು ಒಂದನ್ನೂ ಬಿಡದೆ ತಿಕ್ಕತೊಡಗಿದಳು. ಸುತ್ತಲಿನ ಹೆಂಗಸರು ನಗುತ್ತಿದ್ದರು.

"ಸಾಕು ಬಿಡೇ, ಸೀರೆಗೆಲ್ಲ ಆಗುತ್ತೆ" ಎಂದೆ.

ಅವಳು ತಲೆ ಎತ್ತಲಿಲ್ಲ. ಸುರಿಯುವ ಮೂಗು ಎಳೆದುಕೊಂಡು, "ಇನ್ನೊಂದು ಕಾಲು ಕೊಡಮ್ಮ" ಎಂದಳು.