ಅಂಕಲ್ ಖಾಲಿ ಬಿಟ್ಟ ಹದಿನಾರು ಎಣಿಕೆ

ಲಿಫ್ಟಿನ ಗುಂಡಿಯನ್ನು ಹಲ್ಲುಕಡ್ಡಿಯಿಂದ ಒತ್ತುತ್ತಿದ್ದ ಕಾಲವದು; ನಿಮಗೂ ನೆನಪಿರಬಹುದು. ಊರಿನಿಂದ ಕಡಲಾಚೆ, ಪುಚೊಂಗ್‌ನ ನಮ್ಮ ಕಾಂಡೋ ಫ್ಲ್ಯಾಟುಗಳಲ್ಲಿ ಮನೆಗೊಬ್ಬರು ಮಾತ್ರ ಅಂಗಡಿಗೆ ಹೋಗಬಹುದಿತ್ತು. ಸೈಬರ್‌ಜಯಾದಲ್ಲಿದ್ದ ಅಪ್ಪನ ಆಫೀಸು ನಮ್ಮ ಊಟದ ಮೇಜಿಗೆ ಬಂದು ಕೂತಿತ್ತು, ನಾವು ನೆಲದ ಮೇಲೆ ಕೂತು ಉಣ್ಣುತ್ತಿದ್ದೆವು. ಕೆಳಗಿದ್ದ ತಮಿಳು ಮುಸ್ಲಿಮರ ಮಮಾಕ್ ಹೋಟೆಲಿನ ಸಾರಿನ ಘಮ ನಿಂತುಹೋಗಿ ಕಾರಿಡಾರಿಗೆಲ್ಲ ಸ್ಯಾನಿಟೈಸರ್ ವಾಸನೆ. ನನಗಾಗ ಹನ್ನೆರಡು. ಶಾಲೆ ಮುಚ್ಚಿತೆಂದು ಮೊದಲ ವಾರ ಕುಣಿದೆ. ಎರಡನೆಯ ವಾರ ಅಮ್ಮನೊಂದಿಗೆ ಚೆನ್ನೆಮಣೆ ಆಡಿ ಆಡಿ ಸಾಕಾಯಿತು.

ನನ್ನನ್ನು ಉಳಿಸಿದ್ದು ಮೇಲಿನ ಮನೆಯ ಲಿಗೋರಿ ಅಂಕಲ್. ಮಂಗಳೂರಿನವರು, ಹರೆಯದಲ್ಲಿ ಬೊಂಬಾಯಿಯ ಹೋಟೆಲ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದವರು. ಅವರ ಹೆಂಡತಿ ಸ್ಟೆಲ್ಲಾ ಆಂಟಿ ಮದುವೆಗೆಂದು ಊರಿಗೆ ಹೋಗಿ, ವಿಮಾನಗಳು ನಿಂತು ಅಲ್ಲೇ ಸಿಕ್ಕಿಕೊಂಡಿದ್ದರು. ಅದಕ್ಕೆ ಮೊದಲೆಲ್ಲ ಶನಿವಾರ ಅಮ್ಮನ ನೀರುದೋಸೆ ಹಿಡಿದು ನಾನು ಮೇಲೆ ಹೋದರೆ, ಅಂಕಲ್ ಹಳೇ ಜಾಝ್ ರೆಕಾರ್ಡುಗಳನ್ನು ಹಾಕಿ ಪಾಠ ಶುರುಮಾಡುತ್ತಿದ್ದರು.

“ಇದು ಸ್ವಿಂಗ್. ಮದುವೆ ದಿಬ್ಬಣ ಒಟ್ಟಿಗೆ ಹೆಜ್ಜೆ ಹಾಕಿದ ಹಾಗೆ. ಇದು ಬೀಬಾಪ್, ಅದರ ನಂತರದ ಹುಡುಗರದ್ದು. ನಾಯಿ ಅಟ್ಟಿಸಿದ ಹಾಗೆ ಓಡ್ತಾರೆ, ಆದ್ರೆ ಒಬ್ಬನೂ ಬೀಳುದಿಲ್ಲ. ಮತ್ತೆ ಇದು ಕೂಲ್. ಇವರಿಗೆ ಅವಸರವೇ ಇಲ್ಲ. ಸುಮ್ಮನೆ ಬಿಟ್ಟ ಜಾಗವೂ ಊದಿದ ಹಾಗೇ, ಗೊತ್ತುಂಟಾ?”

“ಬಿಟ್ಟದ್ದಕ್ಕೂ ಚಪ್ಪಾಳೆ ಹೊಡೀಬೇಕಾ ಅಂಕಲ್? ಚೀಟಿಂಗ್ ಲಾ!” ಇಲ್ಲಿಯವರ ಹಾಗೆ ‘ಲಾ’ ಸೇರಿಸಿ ನಾನು ಕೂಗುತ್ತಿದ್ದೆ.

ಲಾಕ್‌ಡೌನಿನ ಬೀಗ ಬಿದ್ದ ಮೇಲೆ ಪಾಠ ಬಾಲ್ಕನಿಗೆ ಬಂತು. ಜಾಝ್‌ನಲ್ಲಿ ಒಂದು ಕ್ರಮವಿದೆ: ಒಬ್ಬರು ಹದಿನಾರು ಎಣಿಕೆ ಊದಿ ನಿಲ್ಲಿಸಬೇಕು, ಮುಂದಿನ ಹದಿನಾರು ಇನ್ನೊಬ್ಬರದು. ಅವರ ಪಾಲಿನೊಳಗೆ ನಾವು ತಲೆ ಹಾಕುವಂತಿಲ್ಲ. ದಿನಾ ಸಂಜೆ ಆರಕ್ಕೆ ಮೇಲಿನಿಂದ ಅವರ ಕ್ಲಾರಿನೆಟ್, ಕೆಳಗಿನಿಂದ ನನ್ನ ಶಾಲೆಯ ಪ್ಲಾಸ್ಟಿಕ್ ಕೊಳಲು. ಅಪ್ಪ ಮೀಟಿಂಗಿನ ನಡುವೆ ಮ್ಯೂಟ್ ಒತ್ತಿ ನನಗೆ ಕೈಮುಗಿಯುತ್ತಿದ್ದರು. ಕೆಲವೊಮ್ಮೆ ಅಂಕಲ್ ತಮ್ಮ ಹದಿನಾರನ್ನೂ ಖಾಲಿ ಬಿಡುತ್ತಿದ್ದರು. ನಾನು ತಬ್ಬಿಬ್ಬಾದರೆ ಮೇಲಿನಿಂದ ನಗು ಕೇಳುತ್ತಿತ್ತು.

ಒಂದು ಸೋಮವಾರ ಆರಕ್ಕೆ ಮೇಲಿನಿಂದ ಏನೂ ಬರಲಿಲ್ಲ. ಓಹೋ, ಅಂಕಲ್ ಇವತ್ತು ಕೂಲ್ ಅಂದುಕೊಂಡೆ. ಶಿಸ್ತಾಗಿ ಹದಿನಾರು ಎಣಿಸಿ ನನ್ನ ಪಾಲು ಊದಿದೆ. ಮತ್ತೆ ಎಣಿಸಿದೆ, ಮತ್ತೆ ಊದಿದೆ. ಮಂಗಳವಾರವೂ ಹಾಗೇ. ನನಗೆ ಎಷ್ಟು ಹೆಮ್ಮೆ ಅಂದರೆ, ಅಂಕಲ್ ಈಗ ನನ್ನನ್ನು ದೊಡ್ಡ ಕಲಾವಿದೆಯೆಂದು ಲೆಕ್ಕಕ್ಕೆ ಹಿಡಿದಿದ್ದಾರೆ ಎಂದೇ ತಿಳಿದೆ.

ಬುಧವಾರ ತಲೆಯೆತ್ತಿದಾಗ ಮೇಲಿನ ಬಾಲ್ಕನಿಯಿಂದ ಹಸಿರು ಟವೆಲ್ಲು ತೂಗುತ್ತಿತ್ತು. ಸೋಮವಾರವೂ ಅದು ಅಲ್ಲೇ ಇತ್ತು. ಎರಡು ಮಳೆ ಅದರ ಮೇಲೆ ಬಿದ್ದಿತ್ತು. ಕರವಸ್ತ್ರಕ್ಕೂ ಇಸ್ತ್ರಿ ಹಾಕುವ ಮನುಷ್ಯ ಟವೆಲ್ಲನ್ನು ಮಳೆಗೆ ಬಿಡುವವರಲ್ಲ. ಒಳಗೆ ಓಡಿದೆ.

“ಅಮ್ಮಾ, ಅಂಕಲ್ ಎರಡು ದಿನದಿಂದ ಊದ್ಲಿಲ್ಲ.”

“ಎರಡು ದಿನದಿಂದ? ಈಗ ಹೇಳುದಾ ಮಾರಾಯ್ತಿ!”

ಅಮ್ಮ ಫೋನ್ ಮಾಡಿದರು. ರಿಂಗು ನಮ್ಮ ತಲೆಯ ಮೇಲೇ ಕೇಳುತ್ತಿತ್ತು, ಎತ್ತುವವರಿಲ್ಲ. ಅಪ್ಪ ಗಾರ್ಡ್‌ಗೆ ಹೇಳಿದರು. ಮೈತುಂಬ ಬಿಳಿ ಹೊದ್ದವರು ಬಂದರು. ಅಂಕಲ್‌ಗೆ ಉಸಿರಿತ್ತು, ಆದರೆ ಕಡಿಮೆ ಇತ್ತು. ಅಷ್ಟು ಹೇಳಿ ಅವರನ್ನು ಆಸ್ಪತ್ರೆಗೆ ಒಯ್ದರು.

ಮುಂದಿನ ಎಂಟು ದಿನ ನಾನು ಕೊಳಲು ಮುಟ್ಟಲಿಲ್ಲ. ಆ ಎರಡು ಸಂಜೆಯೂ ಅಂಕಲ್ ತಮಾಷೆ ಮಾಡುತ್ತಿದ್ದಾರೆಂದು ನಂಬಿ ಕೂತದ್ದನ್ನು ಯಾರಿಗೂ ಹೇಳಲಿಲ್ಲ. ಅಂಕಲ್ ಹೋಗಿಬಿಟ್ಟರೆ ಅದು ನನ್ನಿಂದಲೇ ಎಂದು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದೆ. ಅಮ್ಮ ನನ್ನಿಷ್ಟದ ಬಂಗಡೆ ಹುರಿದರೂ ತಟ್ಟೆಯಲ್ಲೇ ಬಿಟ್ಟೆ.

ಒಂಬತ್ತನೆಯ ದಿನ ಊರಿನಿಂದ ಸ್ಟೆಲ್ಲಾ ಆಂಟಿ ಫೋನ್ ಮಾಡಿ ಇನ್ನೊಂದು ಲೈನ್ ಸೇರಿಸಿದರು. ಸವೆದ ದನಿಯೊಂದು ಕೇಳಿತು.

“ಸಿಂಧುವಾ? ಮಂಗಳವಾರ ನೀನು ಓಡಿದ್ದಿ ಮಾರಾಯ್ತಿ. ಹದಿಮೂರಕ್ಕೇ ಒಳಗೆ ಬಂದಿ.”

ನಾನು ಜೋರಾಗಿ ಅತ್ತುಬಿಟ್ಟೆ. “ನೀವು ತಮಾಷೆ ಮಾಡ್ತಿದ್ದೀರಿ ಅಂದ್ಕೊಂಡೆ ಅಂಕಲ್. ಅದಕ್ಕೇ ಯಾರಿಗೂ ಹೇಳ್ಲಿಲ್ಲ.”

“ಸೋಮವಾರ ತಮಾಷೆಯೇ. ಊದ್ಲಿಕ್ಕೆ ಉಸಿರು ಸಾಲ್ಲಿಲ್ಲ, ನಿನಗೆ ಗೊತ್ತಾಗುದು ಬೇಡ ಅಂತ ಕೂಲ್ ಮಾಡಿದೆ. ತಪ್ಪು ನನ್ನದು. ಮಂಗಳವಾರ ಏಳ್ಲಿಕ್ಕೇ ಆಗ್ಲಿಲ್ಲ, ಮಲಗಿದಲ್ಲಿಂದ ಎಣಿಸ್ತಾ ಇದ್ದೆ. ನೀನು ಬಂದೇ ಬರ್ತಿ ಅಂತ ಗೊತ್ತಿತ್ತು.”

ಎಂಟು ದಿನದಿಂದ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಅವತ್ತು ಬಂಗಡೆ ಎರಡು ತಿಂದೆ, ಇನ್ನೊಂದು ಕೇಳಿದೆ.

ಅಂಕಲ್ ಮರಳಿದ ಮೇಲೆ ತಿಂಗಳುಗಟ್ಟಲೆ ಊದಲಾರದೆ ಚಮಚದಿಂದ ಬಾಲ್ಕನಿಯ ಕಂಬಿ ಬಾರಿಸುತ್ತಿದ್ದರು. ಖಾಲಿ ಬಿಡುವ ತಮಾಷೆ ಮತ್ತೆ ಮಾಡಲಿಲ್ಲ. ವಿಮಾನಗಳು ಹಾರಿದಾಗ ಆಂಟಿಯಿದ್ದ ಮಂಗಳೂರಿಗೇ ಹೊರಟುಹೋದರು. ಈಗ ನಾನು ಮೆಲಾಕಾದ ಹಾಸ್ಟೆಲಿನಲ್ಲಿದ್ದೇನೆ. ಇಲ್ಲಿ ಎಲ್ಲರ ಕಿವಿಯಲ್ಲೂ ಇಯರ್‌ಫೋನು. ಪಕ್ಕದ ಕೋಣೆಯ ಹುಡುಗಿ ಎರಡು ದಿನ ಸುಮ್ಮನಿದ್ದರೂ ನನಗೆ ತಿಳಿಯುವುದಿಲ್ಲ. ಆಗ ಅಂಕಲ್‌ಗೂ ನನಗೂ ನಡುವೆ ಒಂದು ಸ್ಲ್ಯಾಬು ಮಾತ್ರ ಇತ್ತು.

ಅಂಕಲ್ ಈಗಲೂ ಫೋನಿನಲ್ಲಿ ಧ್ವನಿ ಕಳಿಸುತ್ತಾರೆ. ಹದಿನಾರು ಎಣಿಕೆ ಕ್ಲಾರಿನೆಟ್, ಆಮೇಲೆ ಹದಿನಾರು ಎಣಿಕೆ ನನಗೆಂದು ಖಾಲಿ. ಆ ಖಾಲಿಯಲ್ಲಿ ಅವರ ಉಸಿರು ಕೇಳುತ್ತದೆ. ನಾನು ಕೊಳಲು ಕೆಳಗಿಟ್ಟು ಅದನ್ನೇ ಎಣಿಸುತ್ತೇನೆ.